ಹೂಂ ಅಂದ ಮಣ್ಣಿನ ಕೈ

ಒಂದು ಊರಿತ್ತು. ಯಾವ ದಿಕ್ಕಿನಲ್ಲಿ ಎಂದು ಕೇಳಬೇಡಿ, ಹೇಳಿದರೆ ಆ ದಿಕ್ಕಿನವರೆಲ್ಲ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಆ ಊರಿನಲ್ಲಿ ಮನೆ ಕೊಡುತ್ತೀಯಾ ಎಂದು ಮನುಷ್ಯನನ್ನು ಒಂದೇ ಒಂದು ಸಲ ಕೇಳುತ್ತಿದ್ದರು. ಅದೂ ಮನೆ ಕಳೆದುಕೊಳ್ಳುವ ದಿನವಲ್ಲ, ಕಟ್ಟುವ ದಿನ.

ಊರಿನ ಮೇಲೊಂದು ಗುಡ್ಡ, ಗುಡ್ಡದ ಮೇಲೆ ಕಲ್ಲಿನೊಡೆಯನ ವಾಡೆ. ಊರಿನಲ್ಲಿ ಕಲ್ಲೆಂಬುದೇನಿದ್ದರೂ ಅವನದೇ. ಮನೆ ಬೇಕೆಂದವರು ಗುಡ್ಡ ಹತ್ತಿ ಕಲ್ಲು ಕೇಳುತ್ತಿದ್ದರು, ಅವನು ಇಲ್ಲ ಎನ್ನುತ್ತಿರಲಿಲ್ಲ. ಕಲ್ಲಿಗೆ ಬದಲಾಗಿ ಪ್ರತಿ ಅಮಾವಾಸ್ಯೆಯ ಹಗಲು ಕೆಳಗಿನ ಹೊಳೆಯಿಂದ ಒಂದು ಕೊಡ ನೀರು ಹೊತ್ತು, ಮುನ್ನೂರು ಮೆಟ್ಟಿಲು ಹತ್ತಿ, ಅವನ ತೊಟ್ಟಿಗೆ ಸುರಿಯಬೇಕು. ಹೀಗೆ ಇಪ್ಪತ್ತು ವರ್ಷ ಸುರಿದರೆ ಕಲ್ಲು ನಿಮ್ಮದು. ಕೇಳುವುದಕ್ಕೆ ಎಷ್ಟು ಸುಲಭ ನೋಡಿ!

ಕಲ್ಲು ಗಾಡಿಯಿಂದ ಇಳಿಯುವ ಮೊದಲು ಇನ್ನೊಬ್ಬ ಬರುತ್ತಿದ್ದ. ಅವನಿಗೆ ನಡುವಿನವ ಎಂದೇ ಹೆಸರು. ಅವನು ಕಲ್ಲಿನೊಡೆಯನ ಕಡೆಯವನೂ ಅಲ್ಲ, ಮನೆಯವರ ಕಡೆಯವನೂ ಅಲ್ಲ, ಇಬ್ಬರ ನಡುವೆ ನಿಂತವನು ಎಂದು ಊರು ನಂಬಿತ್ತು. ಮಧ್ಯಾಹ್ನದ ಊಟ ಮಾತ್ರ ದಿನವೂ ಗುಡ್ಡದ ಮೇಲೆ ಮಾಡುತ್ತಿದ್ದ. ನಡುವಿನವ ಒಂದು ಹಲಗೆಯ ಮೇಲೆ ಹಸಿ ಮಣ್ಣು ಹರಡಿ ಮನೆ ಕಟ್ಟುವವರ ಮುಂದೆ ಹಿಡಿಯುತ್ತಿದ್ದ. "ನೀರು ತಪ್ಪಿದರೆ ಮನೆ ಕೊಡ್ತೀರೇನು?" ಎನ್ನುತ್ತಿದ್ದ. ಅವರು ಬಲಗೈ ಮಣ್ಣಿನೊಳಗೆ ಒತ್ತಿ "ಹೂಂ" ಎನ್ನುತ್ತಿದ್ದರು. ಆ ಹೊತ್ತಿಗೆ ಎಡಗೈಯಲ್ಲಿ ಹೋಳಿಗೆ ಇರುತ್ತಿತ್ತು, ಸುತ್ತ ಬಂಧುಬಳಗ ಇರುತ್ತಿತ್ತು. ತಾನು ಏನಂದೆ ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ. ಮಣ್ಣಿಗೆ ನೆನಪಿರುತ್ತಿತ್ತು. ನಡುವಿನವ ಅದನ್ನು ಕುಂಬಾರನ ಆವಿಗೆಯಲ್ಲಿ ಸುಟ್ಟು ತನ್ನ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಗೂಡಿನಲ್ಲಿ ಊರಿನ ಮನೆಗಳಷ್ಟೇ ಕೈಗಳಿದ್ದವು.

ಮೂರು ಅಮಾವಾಸ್ಯೆ ನೀರು ತಪ್ಪಿತೆಂದರೆ ಮನೆಯ ಮುಂದೆ ಡಂಗುರ ಆಗುತ್ತಿತ್ತು. ಅದಾಗಿ ಹದಿನೈದು ದಿನಕ್ಕೆ ಸಂತೆಯಲ್ಲಿ ಡಂಗುರ, ಅದೇ ದಿನ ಬಾಗಿಲಿಗೆ ಕಾಗದ. ಅಲ್ಲಿಂದ ಐದನೆಯ ದಿನ ನ್ಯಾಯದ ಮನೆಯ ಮೆಟ್ಟಿಲ ಮೇಲೆ ಕಡೆಯ ಡಂಗುರ. ನಡುವಿನವ ಮಣ್ಣಿನ ಕೈಯನ್ನು ಎತ್ತಿ ತೋರಿಸುತ್ತಿದ್ದ. ಹೆಚ್ಚಿಗೆ ಬೆಲೆ ಕೂಗಿದವನ ಅಂಗೈ ಮೇಲೆ, ಡಂಗುರದ ಮೂರನೆಯ ಪೆಟ್ಟಿಗೆ ಸರಿಯಾಗಿ, ಅದನ್ನು ಇಡುತ್ತಿದ್ದ. ಅಲ್ಲಿಗೆ ಮುಗಿಯಿತು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಏಕೆಂದರೆ ಕೇಳಿ ಆಗಿತ್ತು. ನ್ಯಾಯದ ಮನೆಯ ಬಾಗಿಲು ಮೆಟ್ಟಿಲ ಮೇಲೆ ಮುಚ್ಚಿಯೇ ಇರುತ್ತಿತ್ತು. ಅದರ ಎದುರಿಗೇ ನಡೆಯುತ್ತಿದೆಯಲ್ಲ, ಒಳಗಿನವರ ಒಪ್ಪಿಗೆ ಇದ್ದೇ ಇರುತ್ತದೆ ಎಂದು ಊರು ತಿಳಿದುಕೊಂಡಿತ್ತು.

ಆ ಊರಿನಲ್ಲಿ ಒಬ್ಬಳು ಕಂಬಳಿಯವಳು. ಕುರಿಯ ಕಪ್ಪು ಉಣ್ಣೆ ತಂದು, ನೂತು, ಮನೆಯ ನಡುವೆ ನೆಲ ಅಗೆದು ಮಾಡಿದ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವಳು. ಹದಿನಾಲ್ಕು ವರ್ಷ ಒಂದು ಅಮಾವಾಸ್ಯೆಯೂ ಬಿಡದೆ ನೀರು ಹೊತ್ತಿದ್ದಳು. ಹದಿನೈದನೆಯ ವರ್ಷ ಇನ್ನೂರನೆಯ ಮೆಟ್ಟಿಲಲ್ಲಿ ಜಾರಿದಳು. ಕೊಡ ಕೆಳಗಿನವರೆಗೂ ಉರುಳಿತು, ಅವಳ ಕಾಲು ಮುರಿಯಿತು. ಆ ದಿನದ ನೀರೂ ಹೋಯಿತು, ಮುಂದಿನ ಎರಡು ಅಮಾವಾಸ್ಯೆಗಳೂ ಹಾಸಿಗೆಯ ಮೇಲೆಯೇ ಹೋದವು. ಎದ್ದು ಕುಂಟುತ್ತ ಹೊಸ್ತಿಲಿಗೆ ಬರುವಷ್ಟರಲ್ಲಿ ಮೊದಲ ಡಂಗುರ ಆಯಿತು. ಅವಳಿಗೆ ಎದೆ ಧಸಕ್ಕೆಂದದ್ದು ಗೋಡೆಗಳಿಗಾಗಿ ಅಲ್ಲ, ಮಗ್ಗಕ್ಕಾಗಿ. ಮಗ್ಗದ ಕೋಲುಗಳನ್ನು ಹೊತ್ತುಕೊಂಡು ಹೋಗಬಹುದು, ಗುಂಡಿಯನ್ನು ಹೊತ್ತುಕೊಂಡು ಹೋಗಲಾದೀತೇ? ನೆಲವಿಲ್ಲದವಳು ನೇಯುವುದೆಲ್ಲಿ?

ಇಲ್ಲಿ ಆ ಊರಿನ ಒಂದು ರೂಢಿ ಹೇಳಬೇಕು, ಹೇಳಲು ನನಗೇ ನಾಚಿಕೆ. ಬಾಗಿಲಿಗೆ ಕಾಗದ ಬಿತ್ತೆಂದರೆ, ಹಚ್ಚಿದ ಅಂಟು ಆರುವ ಮೊದಲೇ ಮನೆಯವರು ಅದರ ಮೇಲೊಂದು ಕಂಬಳಿ ಇಳಿಬಿಡುತ್ತಿದ್ದರು. ಓಣಿಯವರು ಕಂಬಳಿ ಕಂಡೊಡನೆ ಮುಖ ಆಚೆ ತಿರುಗಿಸಿ ನಡೆಯುತ್ತಿದ್ದರು, ಅದು ಮರ್ಯಾದೆ. ಒಳಗಿನವರು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದರು, ಅದೂ ಮರ್ಯಾದೆ. ಐದು ದಿನ ಹಾಗೆ ಮರ್ಯಾದೆಯಲ್ಲಿ ಕೂತು ಆರನೆಯ ದಿನ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಆ ಕಂಬಳಿಗಳನ್ನೆಲ್ಲ ನೇಯ್ದವಳು ಇವಳೇ. ಹಾಗೆ ಹದಿನೇಳು ಕಂಬಳಿ ಕೊಟ್ಟಿದ್ದಳು, ಪಾಪ ಎಂದು ಮರುಗಿಯೇ ಕೊಟ್ಟಿದ್ದಳು.

ಸಂತೆಯ ದಿನ ಬಂತು. ಬೆಳಿಗ್ಗೆ ಪಕ್ಕದ ಮನೆಯ ಗಾಣದವ ಹಿತ್ತಲಿನಿಂದ ಬಂದ. ಎಣ್ಣೆಯ ಗಾಣ ಆಡಿಸುವವನು, ಎರಡು ಆಳಿನಷ್ಟು ಮೈ. ಅವನ ಎತ್ತು ಸತ್ತು, ಹೊಸದು ಸಿಗುವವರೆಗೆ ಮೂರು ತಿಂಗಳು ತಾನೇ ನೊಗಕ್ಕೆ ಹೆಗಲು ಕೊಟ್ಟು ಗಾಣ ತಿರುಗಿಸಿದ್ದ. ಗುಡ್ಡದ ಕಡೆ ತಲೆ ಹಾಕಿರಲಿಲ್ಲ.

"ಅಕ್ಕಾ, ಒಂದು ಕಂಬಳಿ ಕೊಡು," ಅಂದ. ಕಣ್ಣು ನೆಲದ ಮೇಲೆ.

"ಕಾಗದ ಹಚ್ಚಿದರೇನೋ?"

"ಈಗಷ್ಟ."

ಮನೆಯಲ್ಲಿದ್ದದ್ದು ಒಂದೇ ಕಂಬಳಿ. ಕೊಟ್ಟಳು. ಅವನು ಅದನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಓಡಿದ. ಅವನ ಹಿಂದೆಯೇ ಇವಳ ಮುಂಬಾಗಿಲಿನಲ್ಲಿ ಅಂಟಿನ ಕುಂಚ ಸರಸರ ಓಡಾಡಿದ ಸದ್ದಾಯಿತು.

ಬಾಗಿಲು ತೆಗೆದು ಹೊರಗೆ ಬಂದಳು. ಕಾಗದ ಇನ್ನೂ ಒದ್ದೆಯಾಗಿತ್ತು. ಮುಚ್ಚಲು ಏನೂ ಇರಲಿಲ್ಲ. ಮಗ್ಗದ ಮೇಲೆ ಇದ್ದದ್ದು ಒಂದು ಮೊಳ ನೇಯ್ಗೆ. ಊರಿಗೆಲ್ಲ ಕಂಬಳಿ ಹೊದಿಸಿದವಳ ಬಾಗಿಲು ಬಟ್ಟಬಯಲಾಗಿ ನಿಂತಿತ್ತು. ಹಾದಿಯಲ್ಲಿ ಹೋಗುತ್ತಿದ್ದವರಿಗೆ ಗಾಬರಿ. ಕಂಬಳಿ ಇದ್ದರೆ ಮುಖ ತಿರುಗಿಸಬೇಕೆಂದು ಗೊತ್ತು, ಇಲ್ಲದಿದ್ದರೆ ಏನು ಮಾಡಬೇಕು? ಕೆಲವರು ಬಂದ ದಾರಿಯಲ್ಲೇ ವಾಪಸು ಹೋದರು. ಅವಳಿಗೆ ಮೈಯೆಲ್ಲ ಉರಿಯಿತು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡೂ ಕೈ ಅಗಲಿಸಿ ಕಾಗದಕ್ಕೆ ಅಡ್ಡ ನಿಂತಳು. ಮುರಿದ ಕಾಲು ಎಷ್ಟು ಹೊತ್ತು ನಿಂತೀತು? ಕಡೆಗೆ ಹೊಸ್ತಿಲ ಮೇಲೆ ಕುಸಿದು ಕೂತು, ಬೇರೆ ಕೆಲಸವಿಲ್ಲದೆ, ಕಾಗದ ಓದತೊಡಗಿದಳು.

ಮೇಲೆ ದಪ್ಪ ಅಕ್ಷರ: ನೀರು ತಪ್ಪಿದೆ, ಮನೆ ಮಾರಲಾಗುವುದು. ಊರಿನವರೆಲ್ಲ ಅಷ್ಟು ಓದಿ ಕಂಬಳಿ ಹುಡುಕಲು ಓಡಿದ್ದರು. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿದ್ದವು. ಬೆರಳಿಟ್ಟು ಒಂದೊಂದಾಗಿ ಓದಿದಳು.

"ಮಾರುವ ದಿನದ ಬಿಸಿಲು ನ್ಯಾಯದ ಮನೆಯ ಮೇಲಿನ ಮೆಟ್ಟಿಲನ್ನು ಮುಟ್ಟುವವರೆಗೆ ತೊಟ್ಟಿಯ ಬಾಯಿ ತೆರೆದಿರತಕ್ಕದ್ದು. ತಪ್ಪಿದ ಕೊಡಗಳನ್ನೂ ಡಂಗುರದ ಬಾಬ್ತು ಒಂದು ಕೊಡವನ್ನೂ ತುಂಬಿದಲ್ಲಿ ಮನೆ ಮನೆಯವರದೇ. ತಕರಾರು ಇದ್ದವರು ನ್ಯಾಯದ ಮನೆಯೊಳಗೆ ಬಂದು ಹೇಳತಕ್ಕದ್ದು. ಬಾಗಿಲಿಗೆ ಅಗುಳಿ ಇಲ್ಲ. ಒಳಗಿನವರು ಹೊರಗೆ ಬರುವುದಿಲ್ಲ, ಯಾರನ್ನೂ ಕರೆಯುವುದಿಲ್ಲ."

ಮತ್ತೊಮ್ಮೆ ಓದಿದಳು. ಆಮೇಲೆ ಕುಂಟುತ್ತ ಗಾಣದವನ ಬಾಗಿಲಿಗೆ ಹೋಗಿ ಕಂಬಳಿಯ ಮೇಲೆಯೇ ತಟ್ಟಿದಳು.

"ತಮ್ಮಾ, ಕಂಬಳಿ ಎತ್ತು. ಕೆಳಗ ಇನ್ನೂ ಬರದಾರ."

ಒಳಗಿನಿಂದ ದನಿ ಬಂತು: "ಎತ್ತಿದರ ಓಣಿ ನೋಡತೈತಿ, ಅಕ್ಕಾ."

"ನೋಡಲಿ ಬಿಡು. ನಾಕು ಕೊಡ ಹೊತ್ತರ ಮನಿ ಉಳಿತೈತಿ. ನಿನ್ನ ಹೆಗಲಿಗೆ ನಾಕು ಕೊಡ ಯಾವ ಲೆಕ್ಕ?"

"ಹಗಲಾಗ ಕೊಡ ಹೊತ್ತು ಗುಡ್ಡ ಹತ್ತಲ್ಯಾ? ಅಮಾವಾಸಿ ಅಲ್ಲದ ದಿನ? ಯಾತಕ್ಕ ಹೊಂಟಾನ ಅಂತ ಎಲ್ಲಾರಿಗೂ ತಿಳಿಯೂದಿಲ್ಲೇನು?"

"ತಿಳಿದರ ಏನಾತು?"

"ನೀ ಹೋಗಕ್ಕಾ. ನಿನ್ನ ಬಾಗಲಾ ಮುಚ್ಚಿಕೋ ಮದಲ," ಅಂದ.

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಕೊಡ ತೆಗೆದುಕೊಂಡು ಹೊಳೆಗೆ ನಡೆದಳು.

ಮೊದಲ ದಿನ ಒಂದು ಕೊಡ. ಪ್ರತಿ ಮೆಟ್ಟಿಲಿಗೂ ಒಳ್ಳೆಯ ಕಾಲು ಮೊದಲು, ಮುರಿದ ಕಾಲು ಆಮೇಲೆ. ಇನ್ನೂರನೆಯ ಮೆಟ್ಟಿಲಲ್ಲಿ ಉಸಿರು ಬಿಗಿಹಿಡಿದು ದಾಟಿದಳು. ತೊಟ್ಟಿ ಕಾಯುವವ ಅವಳನ್ನು ಕಂಡು ಬೆರಗಾದ. ಕಾಗದ ಬಿದ್ದ ಮೇಲೆ ನೀರು ತಂದವರನ್ನು ಅವನು ಕಂಡೇ ಇರಲಿಲ್ಲ. ಸುರಿಸಿಕೊಂಡ. ಎರಡನೆಯ ದಿನ ಒಂದು ಕೊಡ. ಒಳ್ಳೆಯ ಕಾಲು ಮೊದಲು, ಮುರಿದ ಕಾಲು ಆಮೇಲೆ. ಮೂರನೆಯ ದಿನ ಒಂದು ಕೊಡ. ಕಾಲು ಬಾತು ಕುಂಬಳದಂತಾಗಿತ್ತು. ಹತ್ತಿದಳು, ಸುರಿದಳು.

ನಾಲ್ಕನೆಯ ದಿನ ಹತ್ತಿದಾಗ ತೊಟ್ಟಿಯ ಬಾಯಿಗೆ ಕಲ್ಲು ಚಪ್ಪಡಿ ಎಳೆದಿತ್ತು.

"ತಗಿಯಪ್ಪಾ," ಅಂದಳು.

ತೊಟ್ಟಿ ಕಾಯುವವ ಅವಳ ಮುಖ ನೋಡಲಿಲ್ಲ. "ಮೂರು ಕೊಡ ಬಂದಾವು ಅಂತ ನಡುವಿನವರ ಕಿವಿಗೆ ಬಿದ್ದೈತಿ. ಕಾಗದ ಹಚ್ಚಿದ ಮ್ಯಾಲ ನೀರು ತಗೋಬ್ಯಾಡ ಅಂದಾರ."

"ಕಾಗದದಾಗ ತಗೋಬೇಕು ಅಂತ ಐತಿ."

"ನನಗ ಓದಾಕ ಬರೂದಿಲ್ಲ, ಯವ್ವಾ. ಚಪ್ಪಡಿ ಎಳಿ ಅಂದರು, ಎಳದೆ."

ಅವಳು ಚಪ್ಪಡಿಯ ಪಕ್ಕದಲ್ಲೇ ಕೂತಳು. ಕೆಳಗೆ ಊರು ಕಾಣುತ್ತಿತ್ತು, ಊರೊಳಗೆ ಅವಳ ಮನೆಯ ಮಾಳಿಗೆ ಕಾಣುತ್ತಿತ್ತು. ನೀರನ್ನು ಅಲ್ಲೇ ಚೆಲ್ಲಿ ಹೋಗಿಬಿಡಲೇ ಅನ್ನಿಸಿತು. ಚೆಲ್ಲಿದರೆ ತಂದದ್ದಕ್ಕೆ ಸಾಕ್ಷಿ ಯಾರು? ತುಂಬಿದ ಕೊಡವನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಇಳಿದಳು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದು ಆ ದಿನ ತಿಳಿಯಿತು.

ಐದನೆಯ ದಿನ. ನ್ಯಾಯದ ಮನೆಗೆ ಒಂಬತ್ತು ಮೆಟ್ಟಿಲು. ಬಿಸಿಲು ಬೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತ ಬಂದು ಏಳನೆಯದನ್ನು ಮುಟ್ಟಿತ್ತು. ಜನ ಸೇರಿದ್ದರು. ಕಲ್ಲಿನೊಡೆಯನ ಕಾರಭಾರಿ ಕೊಡೆಯ ನೆರಳಿನಲ್ಲಿ ನಿಂತಿದ್ದ. ಅವನಿಗಿಂತ ಹೆಚ್ಚಿಗೆ ಕೂಗುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಗುಂಪಿನ ಹಿಂದೆ ಗಾಣದವ ಹೆಗಲ ವಸ್ತ್ರವನ್ನು ತಲೆಯ ಮೇಲೆಳೆದುಕೊಂಡು ನಿಂತಿದ್ದ. ಆ ದಿನ ಎರಡು ಮನೆ. ಮೊದಲು ಇವಳದು, ಆಮೇಲೆ ಅವನದು.

ನಡುವಿನವ ಎಂಟನೆಯ ಮೆಟ್ಟಿಲ ಮೇಲೆ ನಿಂತು, ಸುತ್ತಿದ್ದ ಬಟ್ಟೆ ಬಿಚ್ಚಿ ಮಣ್ಣಿನ ಕೈ ಎತ್ತಿದ. ಹದಿನಾಲ್ಕು ವರ್ಷದ ಹಿಂದಿನ ಕೈ. ಬೆರಳುಗಳು ತುಂಬಿಕೊಂಡಿದ್ದವು, ಇನ್ನೂ ಮಗ್ಗದ ಗಂಟು ಬಿದ್ದಿರಲಿಲ್ಲ. ತನ್ನ ಕೈಯನ್ನೇ ಪರರ ಕೈಯಲ್ಲಿ ಕಂಡು ಅವಳು ಹಿಂದಿನ ದಿನದ ತುಂಬಿದ ಕೊಡವನ್ನು ಬಿಗಿಯಾಗಿ ಹಿಡಿದಳು. ಹರೆಯದಲ್ಲಿ ನಕ್ಕ ನಗುವನ್ನು ಯಾರೋ ಕದ್ದಿಟ್ಟುಕೊಂಡು ಈಗ ಮಾರುತ್ತಿದ್ದಾರೆ ಅನ್ನಿಸಿತು.

"ಈ ಕೈ ಹೂಂ ಅಂದೈತಿ," ಎಂದು ನಡುವಿನವ ಹಾಡಿನಂತೆ ಹೇಳಿದ. "ಕೂಗುವವರು ಕೂಗ್ರಿ."

ಕಾರಭಾರಿ ಕೂಗಿದ. ಬೇರೆ ಯಾರೂ ಕೂಗಲಿಲ್ಲ. ಡಂಗುರದವ ಕೋಲು ಎತ್ತಿದ.

ಕಂಬಳಿಯವಳು ಕೊಡ ಹೊತ್ತು ಮೆಟ್ಟಿಲು ಹತ್ತತೊಡಗಿದಳು. ಜನ ಎಡಬಲಕ್ಕೆ ಸರಿದರು. ಮೊದಲ ಪೆಟ್ಟು ಬಿತ್ತು.

"ಎಲ್ಲಿಗೆ ಹೊಂಟಿ, ಯವ್ವಾ?" ನಡುವಿನವ ಮೆತ್ತಗೆ ಕೇಳಿದ. ಅವನ ದನಿ ಯಾವಾಗಲೂ ಮೆತ್ತಗೇ ಇರುತ್ತಿತ್ತು.

"ಒಳಗ."

"ಅದು ಮುಚ್ಚೈತಿ."

"ಮುಚ್ಚೈತೋ, ಯಾರೂ ತಗದಿಲ್ಲೋ?"

"ನಿನ್ನ ಕೈ ಅವತ್ತ ಹೂಂ ಅಂದೈತಿ. ಇನ್ನ ಒಳಗ ಹೋಗಿ ಏನು ಹೇಳ್ತಿ?"

"ಕೈ ಅಂದೈತಿ. ನನ್ನ ಬಾಯಿ ಇನ್ನೂ ಏನೂ ಹೇಳಿಲ್ಲ."

ಎರಡನೆಯ ಪೆಟ್ಟು ಬಿತ್ತು. ಬಿಸಿಲು ಎಂಟನೆಯ ಮೆಟ್ಟಿಲ ಮೇಲಿತ್ತು. ಅವಳು ಬಾಗಿಲಿಗೆ ಕೈ ಹಚ್ಚಿ ನೂಕಿದಳು. ಅಲುಗಲಿಲ್ಲ. ಹೆಗಲು ಕೊಟ್ಟಳು, ಅಲುಗಲಿಲ್ಲ. ಕಾಗದ ಸುಳ್ಳು ಹೇಳಿತೇ? ಹಿಂದೆ ಯಾರೋ ಕಿಸಕ್ಕೆಂದರು. ಕೊಡ ಇಳಿಸಿ, ಮುರಿದ ಕಾಲನ್ನೇ ಹಿಂದಕ್ಕೆ ಊರಿ, ನೋವಿಗೆ ಕಣ್ಣು ಕತ್ತಲಾದರೂ ಬಿಡದೆ ಮೈಯೆಲ್ಲ ಬಾಗಿಲಿಗೆ ಕೊಟ್ಟಳು. ಎಷ್ಟು ಕಾಲದಿಂದ ಎಣ್ಣೆ ಕಾಣದ ಬಾಗಿಲೋ, ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡು ತೆರೆಯಿತು.

"ತಡೀ," ಎಂಬ ದನಿ ಒಳಗಿನಿಂದ ಬಂತು.

ಡಂಗುರದವನ ಕೋಲು ಗಾಳಿಯಲ್ಲೇ ನಿಂತಿತು.

ಒಳಗೆ ಒಂದೇ ಕೋಣೆ. ನೆಲದ ತುಂಬ ಧೂಳು, ಧೂಳಿನಲ್ಲಿ ಒಂದು ಹೆಜ್ಜೆಯೂ ಇಲ್ಲ. ಚಾಪೆಯ ಮೇಲೆ ನ್ಯಾಯಗಾರ ಕೂತಿದ್ದ. ಮುದುಕ, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಕಿವಿಗೊಟ್ಟು ಕೂತವನ ಭಂಗಿಯಲ್ಲೇ ಇದ್ದ.

"ಹೆಸರೇನು?" ಅಂದ.

ಹದಿನಾಲ್ಕು ವರ್ಷದಲ್ಲಿ ಈ ಮನೆಯ ವಿಷಯಕ್ಕೆ ಯಾರೂ ಅವಳ ಹೆಸರು ಕೇಳಿರಲಿಲ್ಲ. "ಮಾಳವ್ವ ರೀ," ಅಂದಳು.

"ಏನು ಹೇಳಾಕ ಬಂದಿ, ಮಾಳವ್ವಾ?"

ಹೇಳಿದಳು. ಕಾಲು ಮುರಿದದ್ದು, ಮೂರು ಕೊಡ ಸುರಿದದ್ದು, ಚಪ್ಪಡಿ ಎಳೆದದ್ದು. ಹೊರಗಿದ್ದ ಕೊಡ ಎಳೆದುಕೊಂಡು ಬಂದು ಮುಂದಿಟ್ಟಳು. ನ್ಯಾಯಗಾರ ನೀರಿನಲ್ಲಿ ಬೆರಳು ಅದ್ದಿ ನೋಡಿದ. ಆಮೇಲೆ ನಡುವಿನವನನ್ನು ಒಳಗೆ ಬರಹೇಳಿದ. ಒಬ್ಬರು ತಾವಾಗಿ ಬಂದು ಹೇಳಿದ ಮೇಲೆ ಮಾತ್ರ ಎದುರಿನವರನ್ನು ಕರೆಯುವ ಅಧಿಕಾರ ಅವನಿಗಿತ್ತು. ನಡುವಿನವ ಮೆಟ್ಟು ಬಿಟ್ಟು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಬಾಗಿಲ ಬಳಿಯೇ ನಿಂತ.

"ಎಲ್ಲಾ ಪದ್ಧತಿ ಪ್ರಕಾರ ಆಗೈತ್ರಿ," ಅಂದ. "ಡಂಗುರ ಆಗೈತಿ, ಕಾಗದ ಹಚ್ಚೇವಿ."

"ತೊಟ್ಟಿ ಮುಚ್ಚಿಸಿದವರು ಯಾರು?"

ನಡುವಿನವ ಮಣ್ಣಿನ ಕೈಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಆಮೇಲೆ, "ಕಾಗದ ಹಚ್ಚಿದ ಮ್ಯಾಲ ಯಾರೂ ನೀರು ತರೂದಿಲ್ರಿ. ಇಷ್ಟು ವರ್ಷದಾಗ ಯಾರೂ ತಂದಿಲ್ಲ," ಅಂದ.

"ಈಕಿ ತಂದಾಳಲ್ಲ."

ನಡುವಿನವ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಈ ಕೊಡ ನಿನ್ನೆಯೇ ತೊಟ್ಟಿಗೆ ಬಿದ್ದಂಗ," ಅಂದ ನ್ಯಾಯಗಾರ. "ಕೈ ತಗೊಂಡು ಹೋಗಿ ಗೂಡಿನಾಗ ಇಡು. ಮನಿ ಈಕಿದು."

ನಡುವಿನವ ತಲೆಬಾಗಿ ಹೊರಗೆ ಹೋದ. ಕಂಬಳಿಯವಳು ಧೂಳಿನ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಮಗ್ಗದ ಗುಂಡಿ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಹದಿನೇಳು ಬಾಗಿಲುಗಳೂ ಕಣ್ಣಿಗೆ ಕಟ್ಟಿದವು. ನಗು ಅಲ್ಲೇ ನಿಂತಿತು.

"ನೀವು ಇಲ್ಲೇ ಕುಂತಿದ್ದಿರೇನ್ರಿ? ಇಷ್ಟು ದಿನ?"

"ಇಲ್ಲೇ."

"ಡಂಗುರ ಕೇಳತಿತ್ತಲ್ಲ?"

"ಪ್ರತಿಯೊಂದೂ ಕೇಳೇನಿ. ಈಗ ಯಾರರ ಬಂದಾರು ಅಂತ ಬಾಗಲಾ ನೋಡತಿದ್ದೆ."

"ಎದ್ದು ಹೊರಗ ಬರಬಾರದಿತ್ತೇನು?" ಅವಳ ದನಿ ಏರಿತು. ಊರಿನಲ್ಲಿ ಯಾರೂ ಆ ದನಿಯಲ್ಲಿ ಅವನೊಡನೆ ಮಾತಾಡಿರಲಾರರು.

ನ್ಯಾಯಗಾರ ತನ್ನ ಅಂಗೈ ನೋಡಿಕೊಂಡ. "ಬಂದವರ ಮಾತು ಕೇಳೂದಷ್ಟ ನನಗ ಕೊಟ್ಟದ್ದು," ಅಂದ.

ಹೊರಗೆ ನಡುವಿನವನ ಹಾಡು ಮತ್ತೆ ಎದ್ದಿತು: ಈ ಕೈ ಹೂಂ ಅಂದೈತಿ. ಅದು ದೊಡ್ಡ ಕೈ, ಗಾಣದವನ ಕೈ.

ಅವಳು ಬಾಗಿಲಿಗೆ ಓಡಿದಳು, ಓಡಿದಳೆನ್ನುವುದಕ್ಕಿಂತ ತೆವಳಿದಳು. ಬಾಗಿಲಿಗೆ ಬೆನ್ನು ಕೊಟ್ಟು ಅಗಲಕ್ಕೆ ತೆರೆದು ಹಿಡಿದಳು. ಬಿಸಿಲು ಮೇಲಿನ ಮೆಟ್ಟಿಲಿಗೆ ನಾಲ್ಕು ಬೆರಳು ದೂರವಿತ್ತು.

"ತಮ್ಮಾ! ಬಾ! ಖರೇನ ಕೇಳ್ತಾರ! ತೊಟ್ಟಿ ನಿನಗೂ ಮುಚ್ಚಿತ್ತು, ನೀ ಬಂದು ಅದೊಂದು ಮಾತು ಹೇಳು ಸಾಕು!"

ಎಲ್ಲರೂ ಗಾಣದವನ ಕಡೆ ತಿರುಗಿದರು. ಅದೇ ತಪ್ಪಾಯಿತು. ಅಲ್ಲಿಯವರೆಗೆ ಅವನು ಗುಂಪಿನಲ್ಲಿ ಒಬ್ಬನಾಗಿದ್ದ, ಈಗ ನೂರು ಕಣ್ಣುಗಳ ನಡುವೆ ಒಬ್ಬನೇ ಆದ. ವಸ್ತ್ರವನ್ನು ಇನ್ನೂ ಕೆಳಕ್ಕೆ ಎಳೆದುಕೊಂಡ. ಒಂದು ಹೆಜ್ಜೆ ಇಟ್ಟ. ಜನ ದಾರಿ ಬಿಟ್ಟರು, ದಾರಿ ಬಿಟ್ಟದ್ದೇ ಅವನಿಗೆ ಸಹಿಸಲಾಗಲಿಲ್ಲ. ನಿಂತ. ಮೊದಲ ಪೆಟ್ಟು ಬಿತ್ತು.

ಅವಳು ಹಿಂತಿರುಗಿ, "ಅವನ ಪರವಾಗಿ ನಾ ಹೇಳ್ತೀನ್ರಿ!" ಎಂದು ಕೂಗಿದಳು.

"ಅವರವರ ಮನಿಗೆ ಅವರವರೇ," ಅಂದ ನ್ಯಾಯಗಾರ. ಅವನೂ ಚಾಪೆಯ ಅಂಚಿಗೆ ಸರಿದು ಬಾಗಿಲನ್ನೇ ನೋಡುತ್ತಿದ್ದ.

"ಒಂಬತ್ತು ಮೆಟ್ಟಿಲಾ ಅದಾವಲ್ಲೋ! ನಾ ಕುಂಟಿ ಹತ್ತೀನಿ!"

ಎರಡನೆಯ ಪೆಟ್ಟು ಬಿತ್ತು. ಗಾಣದವ ತಲೆ ಅಲ್ಲಾಡಿಸಿದ. ಆ ದೊಡ್ಡ ಮೈ ನಿಂತಲ್ಲೇ ಕುಗ್ಗಿ ಸಣ್ಣದಾಗುತ್ತಿತ್ತು. ಮೂರನೆಯ ಪೆಟ್ಟು ಬಿದ್ದಾಗ ಅವನ ಮಣ್ಣಿನ ಕೈ ಕಾರಭಾರಿಯ ಅಂಗೈ ಮೇಲಿತ್ತು.

ಜನ ಕರಗಿದರು. ಕಾರಭಾರಿ ಹೋದ, ನಡುವಿನವ ಊಟಕ್ಕೆ ಗುಡ್ಡದ ಕಡೆ ಹೋದ, ಡಂಗುರದವ ಕೋಲು ಸೊಂಟಕ್ಕೆ ಸಿಕ್ಕಿಸಿ ಹೋದ. ಅವಳು ಬಾಗಿಲು ಹಿಡಿದೇ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಗಾಣದವ ಬಂದ. ಅತ್ತಿತ್ತ ನೋಡಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದು ತಲೆಯ ಮೇಲಿನ ವಸ್ತ್ರ ತೆಗೆದ.

"ಈಗ ಯಾರೂ ಇಲ್ಲ, ಅಕ್ಕಾ," ಅಂದ. "ಈಗ ಒಳಗ ಹೋಗಲ್ಯಾ?"

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗಿನಿಂದಲೇ ನ್ಯಾಯಗಾರ ಅಂದ, "ಬಾರಪ್ಪಾ. ಕೇಳ್ತೀನಿ. ತಡೆಯಾಕ ಮಾತ್ರ ಏನೂ ಉಳಿದಿಲ್ಲ."

ಗಾಣದವ ಒಳಗೆ ಹೋಗಿ ಕೂತ. ಹೆಸರು ಹೇಳಿದ. ಎತ್ತು ಸತ್ತದ್ದು ಹೇಳಿದ, ನೊಗಕ್ಕೆ ಹೆಗಲು ಕೊಟ್ಟದ್ದು ಹೇಳಿದ, ನಾಲ್ಕು ಕೊಡವನ್ನು ಒಂದೇ ಹಗಲಿನಲ್ಲಿ ಹೊರುವ ಶಕ್ತಿ ತನಗಿತ್ತೆಂದು ಹೇಳಿದ. ಬೆಳಿಗ್ಗೆ ಹೇಳಬೇಕಾದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನ್ಯಾಯಗಾರ ಒಂದು ಮಾತಿಗೂ ಅಡ್ಡ ಬರದೆ ಎಲ್ಲವನ್ನೂ ಕೇಳಿದ. ಕೇಳಿ ಮುಗಿದ ಮೇಲೆ, ಹೋಗುವಾಗ ಬಾಗಿಲು ಮುಂದೆ ಮಾಡಿಕೊಂಡು ಹೋಗು ಎಂದ.